ಚಂದಪ್ಪನ ಕೆನ್ನೆಗೆ ಕಾಡಿಗೆ

ಬೆಳಗಿನ ತಿಂಡಿಯ ಹೊತ್ತಾಗುವುದೇ ತಡ, ಜೋಗುಳ ಕೋಣೆಯ ಗೋಡೆಯ ಮೇಲಿನ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಮೊದಲು ಹಳ್ಳಿಗಳವು, ಆಮೇಲೆ ಬಾಗಲಕೋಟೆಯ ನವನಗರದವು. ಬಿಸಿಲೇರುವಷ್ಟರಲ್ಲಿ ಗೋಡೆಯ ಅರ್ಧಕ್ಕೂ ಹೆಚ್ಚು ಭಾಗ ಕಪ್ಪಾಗಿರುತ್ತಿತ್ತು. ಮರುದಿನ ಬೆಳಗ್ಗೆ ಅವೇ ದೀಪಗಳು ಏನೂ ಆಗಿಲ್ಲವೆಂಬಂತೆ ಒಂದಿಷ್ಟು ಹೊತ್ತು ಹಸಿರಾಗಿ ಮಿನುಗಿ ಮತ್ತೆ ಮಾಯವಾಗುತ್ತಿದ್ದವು.

ಒಂದೊಂದು ದೀಪ ಎಂದರೆ ಒಂದೊಂದು ತೊಟ್ಟಿಲು. ತಾಲೂಕಿನಲ್ಲಿ ಮಗು ಹುಟ್ಟಿದ ಪ್ರತಿ ಮನೆಗೂ ಜೋಗುಳ ಯೋಜನೆಯವರು ಒಂದು ಚಂದಪ್ಪನನ್ನು ಕೊಟ್ಟಿದ್ದರು. ಚಂದಿರನ ಮುಖದಂಥ ಅಂಗೈಯಗಲದ ಬಿಳಿ ಬಿಲ್ಲೆ, ತೊಟ್ಟಿಲ ಮೇಲೆ ತೂಗುಹಾಕುವುದು. ಅದರ ಕೆನ್ನೆಯ ಮೇಲೊಂದು ಪುಟ್ಟ ಕಣ್ಣು. ಮೈಯ ಶಾಖ ನೋಡಿಯೇ ತಾಯಿಯ ಉಸಿರು, ನಾಡಿ ಎರಡನ್ನೂ ಹೇಳಬಲ್ಲದು. ಒಳಗೊಂದು ಕಿವಿ. ಅದು ಮಾತಿನ ಅರ್ಥಕ್ಕೆ ಕಿವಿಗೊಡುವುದಿಲ್ಲ, ರಾಗವನ್ನಷ್ಟೇ ಕೇಳುತ್ತದೆ. ತಾಯಿ ಮಗುವಿನ ಜೊತೆ ಆಡುವ ಮಾತು ಏರಿಳಿಯುತ್ತಿದೆಯೋ, ಒಣಗಿ ಚಪ್ಪಟೆಯಾಗಿದೆಯೋ ಅದಕ್ಕೆ ಗೊತ್ತಾಗುತ್ತದೆ. ಕಣ್ಣು ಕಿವಿ ಎರಡೂ ಕೆಲಸ ಮಾಡಿದರೆ ಮಾತ್ರ ದೀಪ, ಬಿಲ್ಲೆಯ ಮೇಲೂ ಗೋಡೆಯ ಮೇಲೂ. ಎಲ್ಲ ಸರಿ ಇದ್ದರೆ ಹಸಿರು. ಹಳದಿಯಾದರೆ ಆರೋಗ್ಯ ಕಾರ್ಯಕರ್ತೆ ಚಹಾ ಕುಡಿಯುವ ನೆಪದಲ್ಲಿ ಆ ಮನೆಗೆ ಹೋಗಿ ಕೂರುತ್ತಾಳೆ. ಕೆಂಪಾದರೆ ಜೋಗುಳ ಕೇಂದ್ರದ ಡಾಕ್ಟರ್ ನಂದಿತಾ ಸ್ವತಃ ಹೊರಡುತ್ತಾಳೆ. ಹೆರಿಗೆಯಾದ ಮೇಲೆ ಮನಸ್ಸು ಕುಸಿದ ಹೆಣ್ಣುಮಗಳು ಬಾಯಿಬಿಟ್ಟು ಹೇಳಿಕೊಳ್ಳುವುದು ಕಡಿಮೆ. ಹೇಳಿಕೊಂಡರೂ ಎಲ್ಲರಿಗೂ ಹಾಗೇ ಆಗುತ್ತದೆಂದು ಬಾಯಿ ಮುಚ್ಚಿಸುವವರೇ ಹೆಚ್ಚು. ಹೇಳದೆಯೂ ಕೇಳಿಸಿಕೊಳ್ಳುವ ಒಂದು ವಸ್ತು ಇದ್ದರೆ ಹೇಗೆ ಎಂಬ ಆಸೆಯಿಂದ ಹುಟ್ಟಿದ್ದು ಈ ಚಂದಪ್ಪ.

ಅದನ್ನು ಕಟ್ಟಿದವನು ಇಮ್ತಿಯಾಜ್ ಮುಲ್ಲಾ, ವಿಜಯಪುರದ ಎಂಜಿನಿಯರ್. ದೀಪಗಳು ಆರತೊಡಗಿದಾಗ ಮೊದಲು ಬ್ಯಾಟರಿಯನ್ನು ಬೈದ. ಆಮೇಲೆ ಟವರನ್ನು. ಆಮೇಲೆ ಹಲ್ಲಿಗಳನ್ನು. ಹಲ್ಲಿಗಳ ಮೇಲೆ ಅವನು ಬರೆದ ವರದಿ ಇಲಾಖೆಯಲ್ಲಿ ಇವತ್ತಿಗೂ ಹೆಸರುವಾಸಿ.

ಬೆಂಗಳೂರಿನಿಂದ ಪರದೆಯ ಮೇಲೆ ಬರುವ ನಿರ್ದೇಶಕ ಶ್ರೀನಿಧಿಯವರಿಗೆ ಮಾತ್ರ ನಗು ಬರಲಿಲ್ಲ.

"ಡಾಕ್ಟ್ರೇ, ಅರ್ಧ ಗೋಡೆ ಕತ್ತಲಾಗಿದೆ. ಹಲ್ಲಿ ಕಥೆ ಹೇಳ್ಕೊಂಡು ನಾನು ಎಷ್ಟು ದಿನ ಎಳೆಯಲಿ? ಈ ತಿಂಗಳು ನೋಡ್ತೀನಿ. ಸರಿಹೋಗದಿದ್ರೆ ಚಂದಪ್ಪಗಳನ್ನೆಲ್ಲ ವಾಪಸ್ ತರಿಸಿ ಕೇಂದ್ರ ಮುಚ್ಚಿಬಿಡೋಣ."

"ಮುಚ್ಚಿದ್ರ ಆ ತಾಯಂದಿರನ್ನ ಯಾರು ನೋಡ್ಕೋತಾರ್ರಿ ಸರ್?"

"ಈಗಲಾದ್ರೂ ನಾವೆಲ್ಲಿ ನೋಡ್ತಾ ಇದ್ದೀವಿ? ಕತ್ತಲನ್ನ ತಾನೇ ನೋಡ್ತಿರೋದು?"

ನಂದಿತಾ ಗೋಡೆಯ ಕಡೆ ತಿರುಗಿದಳು. ಕೊನೆಯ ಸಾಲಿನಲ್ಲಿ ಒಂದು ದೀಪ ಬೆಳಗಿನಿಂದ ಸಂಜೆಯವರೆಗೆ ಎವೆಯಿಕ್ಕದೆ ಹಸಿರಾಗಿ ಉರಿಯುತ್ತಿತ್ತು. ಅದು ಅವಳ ಮನೆಯದೇ. ತಂಗಿ ಭೂಮಿಕಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತಾಲೂಕಿಗೆಲ್ಲ ಮಾದರಿಯಾಗಿ ಉರಿಯುವ ಆ ದೀಪವನ್ನು ನೋಡಿದಾಗಲೆಲ್ಲ ನಂದಿತಾಳಿಗೆ ಒಳಗೊಳಗೇ ಒಂದಿಷ್ಟು ಜಂಬ. ಡಾಕ್ಟರರ ಮನೆ ಎಂದರೆ ಹೀಗಿರಬೇಕು ಎಂದುಕೊಳ್ಳುತ್ತಿದ್ದಳು.

ಸಂಜೆ ಮನೆಗೆ ಹೋದರೆ ಓಣಿಯ ತುದಿಗೇ ಸಬ್ಬಸಿಗೆ ಪಲ್ಯದ ವಾಸನೆ. ಅಮ್ಮ ಕಸ್ತೂರಮ್ಮ ಬಾಣಂತಿಗೆಂದು ಡಬ್ಬಿಗಟ್ಟಲೆ ಅಂಟಿನ ಉಂಡೆ ಕಟ್ಟಿಟ್ಟಿದ್ದಳು; ಬಾಣಂತಿಗಿಂತ ನಂದಿತಾಳೇ ಹೆಚ್ಚು ತಿನ್ನುತ್ತಿದ್ದಾಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಒಳಕೋಣೆಯಿಂದ ಅಳಿಲಿನ ದನಿ ಕೇಳುತ್ತಿತ್ತು. ಭೂಮಿಕಾ ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುವವಳು. ಚಿಕುಚಿಕು ಎನ್ನುವ ತುಂಟ ಅಳಿಲೊಂದರ ದನಿ ಅವಳದೇ. ಊರಿನ ಮಕ್ಕಳೆಲ್ಲ ಅದರ ಹಿಂದೆ ಬಿದ್ದಿದ್ದರು.

"ನಮ್ಮ ಗುಂಡಪ್ಪಾ ಹಾಲು ಕುಡದ್ನಾ? ಚಿಕುಚಿಕು! ಬಾಯಿ ಒರಸ್ಲಾ? ಚಿಕುಚಿಕು!"

ತೊಟ್ಟಿಲ ಮೇಲೆ ಚಂದಪ್ಪ ಹಸಿರಾಗಿ ಹೊಳೆಯುತ್ತಿದ್ದ. ಮಗು ಮೇಲೆ ನೋಡಿ ಕಾಲು ಬಡಿಯುತ್ತಿತ್ತು. ನಂದಿತಾ ಬಾಗಿಲಲ್ಲಿ ನಿಂತು ನಕ್ಕಳು.

"ಭೂಮೀ, ನಮ್ಮ ಗೋಡಿ ಮ್ಯಾಲೆ ನಿಂದಽ ಬೆಳಕು ನೋಡು."

"ಹೌದಾ ಅಕ್ಕಾ?" ಎಂದಳು ಭೂಮಿಕಾ. ತೊಟ್ಟಿಲ ಹಗ್ಗವನ್ನು ಅಮ್ಮನ ಕೈಗಿತ್ತು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಾಣಂತಿಗೆ ದಣಿವು ಸಹಜ ಎಂದು ನಂದಿತಾ ಒಂದು ಉಂಡೆ ಬಾಯಿಗೆ ಹಾಕಿಕೊಂಡು ಹೊರಗೆ ಬಂದಳು. ಇಂಥ ಮಾತನ್ನು ಬೇರೆ ಮನೆಯವರು ಹೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಮರುದಿನ ಇಮ್ತಿಯಾಜ್ ಉಪಕರಣದ ಚೀಲ ಹೆಗಲಿಗೇರಿಸಿ ನಿಂತಿದ್ದ. "ಮೇಡಂ, ಇಲ್ಲಿ ಕೂತು ತಲಿ ಕೆರಕೊಂಡಿದ್ದು ಸಾಕು. ಹೋಗಿ ನೋಡೂಣು ಬರ್ರಿ. ಹಲ್ಲಿ ಇದ್ರ ಹಲ್ಲಿ, ಹಾವಿದ್ರ ಹಾವು."

ಘಟಪ್ರಭೆಯ ಹಿನ್ನೀರಿನ ದಂಡೆಯ ಹಳ್ಳಿಯೊಂದಕ್ಕೆ ಇಬ್ಬರೂ ಹೋದರು. ಮೊದಲ ಮನೆಯಲ್ಲೇ ನೀಲವ್ವ ಎಂಬ ಅಜ್ಜಿ ಕಾಲು ಚಾಚಿ ಕೂತು ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರೆರೆಯುವುದನ್ನು ಆಗತಾನೆ ಮುಗಿಸಿದ್ದಳು. ಬಾಣಂತಿ ಕೀರ್ತಿ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿ, ಕುಂಚಿಗೆ ಕಟ್ಟಿ ತೊಟ್ಟಿಲಿಗೆ ಹಾಕಿದಳು. ಇಮ್ತಿಯಾಜ್ ಚೀಲ ಬಿಚ್ಚುವ ಮೊದಲೇ ನೀಲವ್ವ ಕೈ ಅಡ್ಡ ಹಿಡಿದಳು.

"ಯಪ್ಪಾ, ಅದು ಕೆಟ್ಟಿಲ್ಲೋ. ಹಚ್ಚಿದ ಕೂಡ್ಲೆ ಮಲ್ಕೋತೈತಿ. ಕೂಸೂ ಹಂಗ, ಇದೂ ಹಂಗ."

"ಏನ್ ಹಚ್ತೀರಿ ಅಜ್ಜಿ?"

ಉತ್ತರವಾಗಿ ಕೀರ್ತಿಯೇ ಕಾಡಿಗೆ ಡಬ್ಬಿ ತೆಗೆದಳು. ಮಗುವಿನ ಕೆನ್ನೆಗೆ ಒಂದು ಬೊಟ್ಟು ಇಟ್ಟಳು. ಆಮೇಲೆ ಕಾಲ್ಬೆರಳ ಮೇಲೆ ನಿಂತು, ಚಂದಪ್ಪನ ಮೇಲಿದ್ದ ನಿನ್ನೆಯ ಕಾಡಿಗೆಯನ್ನು ಸೆರಗಿನಿಂದ ಒರೆಸಿದಳು. ಚಂದಪ್ಪ ಹಸಿರಾಗಿ ಎಚ್ಚರಗೊಂಡ. ಮಗುವಿಗೆ ಇಟ್ಟಷ್ಟೇ ಅಕ್ಕರೆಯಿಂದ ಅವನ ಕೆನ್ನೆಗೂ ಒಂದು ಬೊಟ್ಟು ಒತ್ತಿದಳು. ನೇರ ಕಣ್ಣಿನ ಮೇಲೆ. ಚಂದಪ್ಪ ಆರಿಹೋದ.

ಇಮ್ತಿಯಾಜ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಹಾಗೇ ಚೀಲಕ್ಕೆ ಹಾಕಿಕೊಂಡ.

"ಅಲ್ಲಬೇ ಯವ್ವಾ," ಎಂದಳು ನಂದಿತಾ, "ಇದು ಮಷೀನು. ಇದಕ್ಯಾಕ ದೃಷ್ಟಿ ಬೊಟ್ಟು?"

"ಮಷೀನಾದ್ರ ಏನಾತು?" ನೀಲವ್ವ ಪಟ್ಟು ಬಿಡಲಿಲ್ಲ. "ದಿನಾ ಎವಿ ಬಡೀದಽ ಕೂಸಿನ್ನ ನೋಡ್ತೈತಿ. ಮ್ಯಾಲೆ ಹಸರ ದೀಪಾ ಹಚ್ಕೊಂಡು, ಈ ಮನ್ಯಾಗ ಎಲ್ಲಾ ಚಲೋ ಐತಿ ಅಂತ ಕಂಡಕಂಡವ್ರಿಗೆ ಡಂಗುರಾ ಹೊಡೀತೈತಿ. ಯಾರರೆ ಕೂಸು ಹೆಂಗೈತಿ ಅಂದ್ರ ನಾವು, ಏನೋ ಐತ್ರಿ ಅಂತ ಹೇಳಿ ಸುಮ್ಮನಾಗ್ತೀವಿ. ಇದಕ್ಕ ಅಷ್ಟೂ ತಿಳೀಬಾರದೇನು?"

ಕೀರ್ತಿ ನಾಚಿಕೊಂಡು ನಕ್ಕಳು. "ಅವ್ವ ಬರೇ ಹೇಳ್ತಾಳ್ರಿ, ದಿನಾ ಹಚ್ಚಾಕಿ ನಾನಽ. ಎರದು ಹಾಕಿದ ಕೂಡ್ಲೆ ಅಷ್ಟು ಚಂದ ಕಾಣ್ತಾನ, ನೋಡಿದಷ್ಟೂ ನೋಡಬೇಕು ಅನಸ್ತೈತಿ. ಹಡದಾಕಿ ಕಣ್ಣಽ ಮೊದಲ ತಾಗೂದಂತ. ಅದಕ್ಕ ನಂಗ ಹೆದರಿಕಿ."

ಅಂದು ಹೋದ ಮನೆಯಲ್ಲೆಲ್ಲ ಅದೇ ಕಥೆ. ಒಂದು ಮನೆಯಲ್ಲಂತೂ ಚಂದಪ್ಪನಿಗೆ ಕಾಡಿಗೆಯ ಜೊತೆ ಕರಿದಾರವನ್ನೂ ಕಟ್ಟಿ, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಆರಿದ ದೀಪದ ಮನೆಗಳ ತಾಯಂದಿರು ಚೆನ್ನಾಗಿಯೇ ಇದ್ದರು. ಅತ್ತೆಯನ್ನು ಬೈದುಕೊಳ್ಳುತ್ತ, ಗಂಡನನ್ನು ಆಡಿಕೊಳ್ಳುತ್ತ, ಮಗುವಿನ ಮೂಗು ಯಾರದೆಂದು ಜಗಳ ತೆಗೆಯುತ್ತ ಗಟ್ಟಿಮುಟ್ಟಾಗಿ ಇದ್ದರು.

ಜೀಪಿನಲ್ಲಿ ಮರಳುವಾಗ ಇಬ್ಬರಿಗೂ ನಕ್ಕು ನಕ್ಕು ಸಾಕಾಯಿತು.

"ಹರಳೆಣ್ಣಿ ದೀಪದ ಮಸಿ ಮೇಡಂ," ಎಂದ ಇಮ್ತಿಯಾಜ್ ಕಣ್ಣೊರೆಸಿಕೊಳ್ಳುತ್ತ. "ಶಾಖದ ಕಿರಣಕ್ಕ ಅದರಂಥಾ ಪರದೆ ಇನ್ನೊಂದಿಲ್ಲ. ಮತ್ತ ನೋಡ್ರಿ, ನನ್ನ ಮಗಳಿಗೆ ನಾನಽ ನನ್ನ ಕೈಯಾರೆ ಹಚ್ಚೀನಿ. ನಮ್ಮ ಅಮ್ಮೀ ಹಚ್ಚಿಲ್ಲಂದ್ರ ಬಿಡ್ತಿರಲಿಲ್ಲ. ಆದ್ರೂ ಕಣ್ಣನ್ನ ಒಯ್ದು ಸರಿಯಾಗಿ ಕೆನ್ನಿ ಮ್ಯಾಲೇ ಇಟ್ಟೀನಲ್ಲ, ಏನ್ ಅನಬೇಕು ನಂಗ?"

ಜೋಗುಳ ಕೋಣೆಗೆ ಬರುತ್ತಲೇ ಅವನು ಹೊಸ ಚಂದಪ್ಪನ ಚಿತ್ರ ಬಿಡಿಸಲು ಕೂತ. ಕಣ್ಣನ್ನು ಗದ್ದಕ್ಕೆ ಸರಿಸುವುದು, ಕೆನ್ನೆಯನ್ನು ಅಜ್ಜಿಯರಿಗೆ ಬಿಟ್ಟುಕೊಡುವುದು. ನಂದಿತಾ ಗೋಡೆಯ ಮುಂದೆ ಚಹಾ ಹಿಡಿದು ನಿಂತಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕತ್ತಲು ಈಗ ಹಬ್ಬದಂತೆ ಕಾಣುತ್ತಿತ್ತು. ಆ ಕಪ್ಪಿನ ಒಂದೊಂದು ಚುಕ್ಕೆಯ ಹಿಂದೆಯೂ ಮಗುವನ್ನು ನೋಡಿ ತಣಿಯದ ಒಬ್ಬಳು ತಾಯಿ. ತನ್ನ ಪ್ರೀತಿಗೆ ತಾನೇ ಹೆದರಿ ಕಾಡಿಗೆ ಡಬ್ಬಿಗೆ ಕೈ ಹಾಕಿದವಳು. ತಾವು ಎಷ್ಟೆಲ್ಲ ಯಂತ್ರ ಕಟ್ಟಿ ಅಳೆಯಹೊರಟದ್ದನ್ನು ಈ ಹೆಂಗಸರು ಬೆರಳ ತುದಿಯಲ್ಲಿ ಬರೆದು ಕಳಿಸುತ್ತಿದ್ದರಲ್ಲ ಎಂದು ಅವಳಿಗೆ ಖುಷಿಯಾಯಿತು.

ಚಹಾ ಬಾಯಿಯವರೆಗೆ ಹೋದದ್ದು ಅಲ್ಲೇ ನಿಂತಿತು.

ಹಾಗಾದರೆ ಉರಿಯುತ್ತಿರುವ ದೀಪಗಳು?

ಹಳದಿ, ಕೆಂಪು ದೀಪಗಳ ಮನೆಗಳಿಗೆ ಅವರು ಆಗಲೇ ಹೋಗಿಬರುತ್ತಿದ್ದರು. ಹಸಿರು ದೀಪದ ಮನೆಗಳಲ್ಲಿ ಹೆಚ್ಚಿನವು ದೃಷ್ಟಿ ಗಿಷ್ಟಿ ನಂಬದವರವು. ಬೊಟ್ಟಿಡದ ಮನೆಯಲ್ಲೆಲ್ಲ ದುಃಖ ಇದ್ದೇ ಇರಬೇಕೆಂದೇನಿಲ್ಲ. ಆದರೆ ಕೊನೆಯ ಸಾಲಿನ ಆ ದೀಪ? ಕಸ್ತೂರಮ್ಮನ ಮನೆಯಲ್ಲಿ ಬೊಟ್ಟಿಲ್ಲವೆಂದರೆ ಯಾರಾದರೂ ನಂಬುವ ಮಾತೇ? ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚಕೂಡದೆಂದು ನಂದಿತಾ ಕಟ್ಟಪ್ಪಣೆ ಮಾಡಿದ್ದು ನಿಜ. ಕೆನ್ನೆಗೆ ಬೇಡವೆಂದು ಅವಳು ಯಾವತ್ತೂ ಹೇಳಿರಲಿಲ್ಲ. ಹೇಳಿದ್ದರೂ ಅಮ್ಮ ಕೇಳುವವಳಲ್ಲ. ಆದರೂ ಮಗುವಿನ ಕೆನ್ನೆಯನ್ನು ನೆನಪಿಸಿಕೊಂಡರೆ ಅದು ಬೆಳ್ಳಗೆ ಖಾಲಿಯಾಗಿತ್ತು. ಒಂದು ದಿನವೂ ಅವಳು ಅಲ್ಲಿ ಬೊಟ್ಟು ಕಂಡಿರಲಿಲ್ಲ.

ಚಹಾ ಕೆಳಗಿಟ್ಟು ನಂದಿತಾ ಮನೆಗೆ ಓಡಿದಳು.

ನಡುಮಧ್ಯಾಹ್ನ. ಕಸ್ತೂರಮ್ಮ ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು.

"ಅವ್ವಾ, ಕೂಸಿಗೆ ಬೊಟ್ಟು ಯಾಕ ಇಟ್ಟಿಲ್ಲ?"

"ಹಡದಾಕಿ ಇಡಬೇಕು ಅಂತ ನಾ ಸುಮ್ಮನದೀನಿ. ದಿನಾ ಡಬ್ಬಿ ತಂದು ಬಾಜೂಕ ಇಡ್ತೀನಿ. ಆಮ್ಯಾಲ ಹಚ್ತೀನಿ ತಗೋ ಅಂತಾಳ. ಮತ್ತ ಹೇಳಿದ್ರ, ಅಕ್ಕ ಬೈತಾಳ ಅಂತಾಳ." ಕಸ್ತೂರಮ್ಮ ಕೈಯಲ್ಲಿದ್ದ ಲಂಗೋಟಿಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಉಳಿದಿರಲಿಲ್ಲ. "ನೀನಽ ಹಸರ ದೀಪಾ ಐತಿ, ಎಲ್ಲಾ ಚಲೋ ಐತಿ ಅಂದಿ. ಓದಿದಾಕಿ ನೀ. ನಾ ಮತ್ತೇನು ಹೇಳ್ಲಿ?"

ಒಳಗೆ ಭೂಮಿಕಾ ಮಗುವಿನ ಪಕ್ಕ ಕೂತಿದ್ದಳು. ಅಕ್ಕನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ ಚಿಕುಚಿಕು ಶುರುವಾಯಿತು. ತಲೆಯ ಮೇಲೆ ಚಂದಪ್ಪ ಇನ್ನಷ್ಟು ಹಸಿರಾದ. ದನಿಯನ್ನೂ ಉಸಿರನ್ನೂ ಹಿಡಿತದಲ್ಲಿಟ್ಟು ಬೇಕಾದ ಹಾಗೆ ಬಿಡುವುದು ಅವಳ ಕಸುಬು. ಪಾಪ, ಚಂದಪ್ಪನಿಗೇನು ಗೊತ್ತು?

ನಂದಿತಾ ಕೈ ಚಾಚಿ ಚಂದಪ್ಪನನ್ನು ಕಳಚಿ ದಿಂಬಿನ ಕೆಳಗಿಟ್ಟಳು.

"ಅಳಿಲು ಸಾಕು, ಭೂಮಿ. ನೀ ಮಾತಾಡು."

ಭೂಮಿಕಾಳ ಬಾಯಿ ಅರ್ಧಕ್ಕೇ ನಿಂತಿತು. ಆಮೇಲೆ ಬಂದ ದನಿ ಒಣಗಿತ್ತು. ಅಂಥ ದನಿಯನ್ನು ನಂದಿತಾ ಎಷ್ಟೋ ಮನೆಗಳಲ್ಲಿ ಕೇಳಿದ್ದಳು, ತನ್ನ ಮನೆಯಲ್ಲಿ ಕೇಳಿರಲಿಲ್ಲ.

"ಏನಂತ ಮಾತಾಡ್ಲಿ ಅಕ್ಕಾ?"

"ಬೊಟ್ಟು ಯಾಕ ಇಡವಲ್ಲಿ?"

"ಯಾಕ ಇಡ್ಲಿ? ನನ್ನ ಕಣ್ಣು ಅವಂಗ ತಾಗಂಗಿಲ್ಲ." ಅವಳು ಮಗುವಿನ ಕಡೆ ನೋಡಲಿಲ್ಲ. "ತಾಗೂವಷ್ಟು ನಾ ಅವನ್ನ ನೋಡೇ ಇಲ್ಲ. ಎಲ್ಲಾರೂ ಚಂದ ಅದಾನ ಅಂತಾರ. ನಂಗ ಏನೂ ಅನಸೂದಿಲ್ಲ. ಯಾರೋ ತಂದು ಇಟ್ಟು ಹೋಗ್ಯಾರ ಅನಸ್ತೈತಿ. ದೀಪ ಹಳದಿ ಆದ್ರ ಊರಿನ ಮುಂದ ನಿನ್ನ ಮಾನ ಹೋಕ್ಕೈತಿ ಅಂತ ದಿನಾ ಅಳಿಲಾದೆ. ಈಗ ಅಳಿಲಿಗೂ ಸಾಕಾಗೇತಿ ಅಕ್ಕಾ."

ನಂದಿತಾಳಿಗೆ ಅಳು ಬಂತು, ತಡೆಯಲಿಲ್ಲ. ತಂಗಿಯನ್ನು ತಬ್ಬಿಕೊಂಡು ಕೂತಳು. ಮಾನ ಎಂಬ ಮಾತು ಅವಳ ಎದೆಗೆ ಚುಚ್ಚಿತ್ತು. ಒಂದು ಹಸಿರು ದೀಪದ ಜಂಬಕ್ಕಾಗಿ ತಂಗಿಯನ್ನು ಇಷ್ಟು ದಿನ ಒಂಟಿಯಾಗಿ ಬಿಟ್ಟಿದ್ದೆನಲ್ಲ ಎನಿಸಿತು. ಆಮೇಲೆ ಮೂಗೊರೆಸಿಕೊಂಡು ಹೇಳಿದಳು:

"ಇದು ನಿನ್ನ ತಪ್ಪಲ್ಲ, ಜಡ್ಡು. ಜ್ವರ ಬಂದಂಗ ಇದೂ ಬರ್ತೈತಿ. ವಾಸಿ ಆಗ್ತೈತಿ, ನಾ ಎಷ್ಟೋ ಮಂದಿಗೆ ಆಗಿದ್ದು ನೋಡೇನಿ. ಇವತ್ತಿಂದ ನೀ ಯಾರ ಸಲುವಾಗಿನೂ ಚಿಕುಚಿಕು ಅನಬ್ಯಾಡ."

"ನಿಂಗೂ?"

"ನಂಗಂತೂ ಬ್ಯಾಡಽ ಬ್ಯಾಡ. ಆ ಅಳಿಲು ಮೊದಲಿಂದಲೂ ನಂಗ ಸೇರೂದಿಲ್ಲ."

ಭೂಮಿಕಾಳ ತುಟಿಯ ಅಂಚು ಒಂದಿಷ್ಟು ಅಲುಗಿತು. ಅಂದಿಗೆ ಅಷ್ಟು ಸಾಕಾಗಿತ್ತು.

ಸ್ವಂತ ತಂಗಿಗೆ ತಾನೇ ಡಾಕ್ಟರಾಗುವುದು ಸರಿಯಲ್ಲವೆಂದು ನಂದಿತಾ ಹುಬ್ಬಳ್ಳಿಯ ಮನೋವೈದ್ಯೆ ಗೆಳತಿಯನ್ನು ಕರೆಸಿದಳು. ಹಾಲೂಡಿಸುವ ತಾಯಿಗೆ ಒಗ್ಗುವ ಮಾತ್ರೆ ಶುರುವಾಯಿತು. ಭೂಮಿಕಾಳ ಗಂಡ ಮಲ್ಲಿಕಾರ್ಜುನ ಕಲಬುರಗಿಯಿಂದ ರಜೆ ಹಾಕಿ ಬಂದ. ಬಂದವನೇ ಲಂಗೋಟಿ ಬದಲಿಸಲು ಹೋಗಿ, ಹಿಂದು ಮುಂದು ಮಾಡಿ ಕಟ್ಟಿ, ಅತ್ತೆಯಿಂದ ಪಾಠ ಹೇಳಿಸಿಕೊಂಡ. ಕಸ್ತೂರಮ್ಮ ಮಗುವನ್ನು ರಾತ್ರಿ ತನ್ನ ಮಗ್ಗುಲಿಗೆ ಹಾಕಿಕೊಂಡು ಮಗಳಿಗೆ ಕಣ್ತುಂಬ ನಿದ್ದೆ ಕೊಟ್ಟಳು. ಜೋಗುಳ ಕೇಂದ್ರದ ಅಂಗಳದಲ್ಲಿ ಬಾಣಂತಿಯರು ಮಧ್ಯಾಹ್ನ ಸೇರಿ ಹರಟುವ ಕೂಟವೊಂದಿತ್ತು. ಭೂಮಿಕಾ ಮೊದಲೆರಡು ಸಲ ಮೂಲೆಯಲ್ಲಿ ಕೂತು ಬಂದಳು. ಆಮೇಲೊಂದು ದಿನ ಕೀರ್ತಿ ಆ ಕೂಟಕ್ಕೆ ಬಂದವಳು, ಚೊಚ್ಚಲ ಹೆರಿಗೆಯಲ್ಲಿ ತನಗೂ ಹೀಗೇ ಆಗಿತ್ತೆಂದೂ, ಆಗ ಚಂದಪ್ಪ ಇರಲಿಲ್ಲ, ಯಾರೂ ಕೇಳಲೂ ಇಲ್ಲವೆಂದೂ ಹೇಳಿದಳು. ಅಂದು ಭೂಮಿಕಾ ಎಲ್ಲರಿಗಿಂತ ತಡವಾಗಿ ಮನೆಗೆ ಬಂದಳು.

ಇತ್ತ ಶ್ರೀನಿಧಿಯವರು ಪರದೆಯ ಮೇಲೆ ಹಣೆ ಉಜ್ಜಿಕೊಳ್ಳುತ್ತಿದ್ದರು.

"ಅಂದ್ರೆ, ದೀಪ ಆರಿದ ಮನೆ ಚೆನ್ನಾಗಿದೆ ಅಂತ ನಾನು ಮೇಲಿನವರಿಗೆ ಹೇಳ್ಬೇಕು?"

"ಬೊಟ್ಟು ಇದ್ದ ಮನಿ ಬಗ್ಗೆ ನಾವು ನಿಶ್ಚಿಂತಿ ಅಂತ ಹೇಳ್ರಿ ಸರ್," ಎಂದಳು ನಂದಿತಾ. "ಬೊಟ್ಟು ಇಲ್ಲದ ಮನಿಗೆಲ್ಲಾ ಒಮ್ಮೆ ಹೋಗಿ ಕದ ಬಡೀತೀವಿ. ಅಲ್ಲಿ ದುಃಖ ಇರಬಹುದು, ಇಲ್ಲದಿರಬಹುದು. ಇಲ್ಲದಿದ್ರ ಚಹಾ ಕುಡದು ಬರ್ತೀವಿ. ಹೊಸ ಚಂದಪ್ಪನ ಕೆನ್ನಿ ಕೆಳಗ ಇಮ್ತಿಯಾಜ್ ಒಂದು ತೆಳು ತಗಡು ಕೂಡಿಸ್ಯಾನ. ಕಾಡಿಗಿ ಬಿತ್ತೋ ಇಲ್ಲೋ ಅದೇ ಹೇಳ್ತೈತಿ. ಕಣ್ಣು ಗದ್ದಕ್ಕ ಹೋಗೇತಿ."

ಶ್ರೀನಿಧಿಯವರು ಹಣೆಯಿಂದ ಕೈ ತೆಗೆದರು. ಆಮೇಲೆ ದನಿ ತಗ್ಗಿಸಿ, "ನನ್ನ ಮಗಳೂ ಈಗ ಏಳು ತಿಂಗಳ ಬಸುರಿ, ಡಾಕ್ಟ್ರೇ. ಒಂದು ಚಂದಪ್ಪ ಇಲ್ಲಿಗೂ ಕಳಿಸ್ತೀರಾ?" ಎಂದರು. ಕೇಂದ್ರ ಮುಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಭೂಮಿಕಾಳ ತೊಟ್ಟಿಲ ಮೇಲೆ ಹಳೆಯ ಚಂದಪ್ಪನೇ ಇದ್ದ. ಅಳಿಲಿನ ದನಿ ನಿಂತ ಮೇಲೆ ಅವನು ಕೆಲವು ದಿನ ಕೆಂಪಾಗಿ, ಆಮೇಲೆ ಹಳದಿಯಾಗಿ, ಸುಳ್ಳಿಲ್ಲದೆ ಉರಿದ. ನಂದಿತಾ ಆ ಹಳದಿಯನ್ನು ದಿನವೂ ನೋಡುತ್ತಿದ್ದಳು. ಈಗ ಜಂಬವಿರಲಿಲ್ಲ, ಹಾಗೆಂದು ನಾಚಿಕೆಯೂ ಇರಲಿಲ್ಲ. ಒಂದು ದಿನ ಅದು ನಡುನಡುವೆ ಹಸಿರಾಗಿ ಮತ್ತೆ ಹಳದಿಗೆ ಇಳಿಯಿತು. ಹಾಗೆಯೇ ಏರಿಳಿಯುತ್ತ ವಾರಗಳು ಕಳೆದವು.

ಒಂದು ಬೆಳಗ್ಗೆ ಎಂದಿನಂತೆ ಗೋಡೆಯ ಹಳೆಯ ದೀಪಗಳು ಕಣ್ಣು ಮುಚ್ಚತೊಡಗಿದ್ದವು. ಹಳ್ಳಿಯವು ಮುಗಿದು ನವನಗರದವು ಶುರುವಾಗಿದ್ದವು. ಇಮ್ತಿಯಾಜ್ ಬಾಯಿಗಿಟ್ಟ ಬಿಸ್ಕತ್ತನ್ನು ಕೆಳಗಿಳಿಸಿದ.

"ಮೇಡಂ, ನಿಮ್ಮ ಮನೀದು."

ನಂದಿತಾ ತಿರುಗಿದಳು. ಕೊನೆಯ ಸಾಲಿನ ಆ ದೀಪವೂ ಆರಿತ್ತು. ಬ್ಯಾಟರಿ ಇರಬಹುದು. ಟವರ್ ಇರಬಹುದು. ಹಲ್ಲಿಯೂ ಇರಬಹುದು. ಅವಳು ಮನೆಗೆ ಫೋನು ಮಾಡಿದಳು. ಇಮ್ತಿಯಾಜ್ ಕುರ್ಚಿ ಬಿಟ್ಟು ಎದ್ದು ಪಕ್ಕಕ್ಕೆ ಬಂದು ನಿಂತ.

"ಭೂಮೀ? ಚಂದಪ್ಪ ಯಾಕ ಆರಿದ?"

ಆ ಕಡೆ ಒಂದು ಕ್ಷಣ ಮಗುವಿನ ಕೇಕೆ ಮಾತ್ರ ಕೇಳಿಸಿತು. ಆಮೇಲೆ ಭೂಮಿಕಾಳ ದನಿ. ಅಳಿಲಿನದಲ್ಲ. ನಿದ್ದೆಗಣ್ಣಿನ, ಒಂದಿಷ್ಟು ಒಡಕಿನ, ಅವಳದೇ ದನಿ.

"ಅಕ್ಕಾ, ಬೈಬ್ಯಾಡ ಮತ್ತ. ಅವ್ವ ಎರದು ಹಾಕಿದ್ಲು. ನನ್ನ ನೋಡಿ ನಕ್ಕಬಿಟ್ಟ. ಎಷ್ಟು ಚಂದ ಕಂಡಾ ಅಂದ್ರ, ನೋಡ್ಕೋತಽ ಕೂತೆ. ಆಮ್ಯಾಲ ನಂಗಽ ಹೆದರಿಕಿ ಆತು. ಅವಂಗೊಂದು ಹಚ್ಚಿದೆ. ಚಂದಪ್ಪಗೂ ಒಂದು ಹಚ್ಚಿದೆ."